ಒಲೆ ಬೀದಿಯ ಗೋಡೆ

ವಿಯೆಟ್ನಾಮಿನ ಹನೋಯ್‌ಗೆ ಹೋದವರೆಲ್ಲ ಹಾ ಲಾಂಗ್ ಕೊಲ್ಲಿಯ ಫೋಟೊ ಹಾಕುತ್ತಾರೆ. ನಾವೂ ಹಾಕಿದೆವು. ಆದರೆ ಅಕ್ಕ, ಭಾವ, ನಾನು ಮೂವರೂ ಇವತ್ತಿಗೂ ಜಾಸ್ತಿ ಮಾತಾಡುವುದು ಅಲ್ಲಿನ ಒಂದು ಜೈಲಿನ ಬಗ್ಗೆ.

ಜೈಲಿನ ಹೆಸರು ಹ್ವಾ ಲೋ. ಹಾಗಂದರೆ ಒಲೆ. ಹಿಂದೆ ಅಲ್ಲಿ ಮಣ್ಣಿನ ಒಲೆ ಮಾಡಿ ಮಾರುತ್ತಿದ್ದರಂತೆ. ನಮ್ಮ ಬೆಂಗಳೂರಿನ ಕುಂಬಾರಪೇಟೆ ಇದ್ದ ಹಾಗೆ. 1896ರಲ್ಲಿ, ಆಗ ಆಳುತ್ತಿದ್ದ ಫ್ರೆಂಚರು ಅದೇ ಜಾಗದಲ್ಲಿ ಜೈಲು ಕಟ್ಟಿದರು. ಬಾಗಿಲ ಮೇಲೆ ಈಗಲೂ 'ಮೇಸೋಂ ಸಾಂತ್ರಾಲ್' ಎಂದು ಫ್ರೆಂಚಿನಲ್ಲೇ ಇದೆ. ಮೇಸೋಂ ಅಂದರೆ ಮನೆ. ಜೈಲಿಗೆ ಮನೆ ಅಂತ ಹೆಸರಿಡುವ ಗತ್ತು ನೋಡಿ!

ಈಗ ಉಳಿದಿರುವುದು ಮುಂಬಾಗಿಲು ಮತ್ತು ಅದರ ಅಕ್ಕಪಕ್ಕದ ಭಾಗ ಮಾತ್ರ. ಉಳಿದದ್ದನ್ನು 1990ರ ದಶಕದಲ್ಲಿ ಕೆಡವಿ ದೊಡ್ಡ ಟವರ್ ಎಬ್ಬಿಸಿದ್ದಾರೆ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಹಳದಿ ಗೋಡೆಯ ಹಿಂದೆ ಗಾಜಿನ ಕಿಟಕಿಗಳು ಕಾಣುತ್ತವೆ.

ನಾನು ಹೋಗಿದ್ದು ವಿಯೆಟ್ನಾಂ ಯುದ್ಧದಲ್ಲಿ ಸಿಕ್ಕಿಬಿದ್ದ ಅಮೆರಿಕದ ಕೈದಿಗಳ ಜಾಗ ನೋಡೋಣ ಅಂತ. ಆದರೆ ಒಳಗೆ ಹೋದರೆ ಮುಕ್ಕಾಲು ಪಾಲು ವಿಯೆಟ್ನಾಮಿನವರದೇ ಕಥೆ. ಸರಿಯಾಗಿಯೇ ಇದೆ, ಅವರ ಊರು, ಅವರ ಜೈಲು. ಕತ್ತಲೆ ಕೋಣೆಯಲ್ಲಿ ಎರಡು ಸಾಲು ಜಗಲಿ. ಅದರ ಮೇಲೆ ಕಾಲಿಗೆ ಕೋಳ ಹಾಕಿದ ಆಳೆತ್ತರದ ಗೊಂಬೆಗಳು. ನಿಜವಾದ ಜನ ಕೂತಿದ್ದಾರೆ ಅಂದುಕೊಂಡು ಅಕ್ಕ ಬೆಚ್ಚಿಬಿದ್ದು ನನ್ನ ತೋಳು ಹಿಡಿದುಕೊಂಡಳು. ಇನ್ನೊಂದು ಕೋಣೆಯಲ್ಲಿ ತಲೆ ಕಡಿಯುವ ಗಿಲೊಟಿನ್ ಯಂತ್ರ. ಇಲ್ಲಿ ಕೊಳೆತವರಲ್ಲಿ ಕೆಲವರು ಮುಂದೆ ಆ ದೇಶದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರೇ ಆದರು.

ಹೊರಗೆ ಅಂಗಳದಲ್ಲಿ ಒಂದು ಹಳೇ ಮರ. ಅಕ್ಕ ನೋಡಿದ ಕೂಡಲೇ "ಅಯ್ಯೋ, ಇದು ನಮ್ಮ ಕಾಡುಬಾದಾಮಿ ಅಲ್ವಾ!" ಅಂದಳು. ಹೌದು, ಅದೇ. ಕೈದಿಗಳು ಇದರ ಎಲೆ, ತೊಗಟೆಗಳನ್ನೇ ಔಷಧಿ ಮಾಡಿಕೊಳ್ಳುತ್ತಿದ್ದರಂತೆ. ಕೆಂಪಾಗಿ ಉದುರಿದ್ದ ಒಂದು ಎಲೆಯನ್ನು ಅಕ್ಕ ಎತ್ತಿ ಪರ್ಸಿನಲ್ಲಿ ಇಟ್ಟುಕೊಂಡಳು.

ಕೊನೆಗೆ ಬಂತು ಅಮೆರಿಕನ್ನರ ಭಾಗ. ಎರಡು ಕೋಣೆ, ಅಷ್ಟೇ. ಇಲ್ಲಿಗೆ ಬಂದ ಮೊದಲ ಅಮೆರಿಕನ್ ಪೈಲಟ್ ಎವರೆಟ್ ಅಲ್ವಾರೆಜ್. ಅವನ ವಿಮಾನ ಬಿದ್ದದ್ದು 1964ರ ಆಗಸ್ಟ್ 5ರಂದು. ಮನೆಗೆ ಹೋದದ್ದು 1973ರಲ್ಲಿ. ಎಂಟೂವರೆ ವರ್ಷ! ನಂತರ ಒಬ್ಬೊಬ್ಬರಾಗಿ ಬಂದು ಸೇರಿದವರು ತಮಾಷೆಗೆ ಇದನ್ನು 'ಹನೋಯ್ ಹಿಲ್ಟನ್' ಅಂದರು. 1999ರಲ್ಲಿ ನಿಜವಾದ ಹಿಲ್ಟನ್ ಹೋಟೆಲ್ ಆ ಊರಿಗೆ ಬಂದಾಗ 'ಹಿಲ್ಟನ್ ಹನೋಯ್ ಒಪೆರಾ' ಅಂತ ಹೆಸರು ತಿರುಗಿಸಿ ಇಟ್ಟರು. ಪಾಪ, ಇನ್ನೇನು ಮಾಡುತ್ತಾರೆ?

ಗೋಡೆ ತುಂಬ ಫೋಟೊಗಳು. ಕೈದಿಗಳು ವಾಲಿಬಾಲ್ ಆಡುತ್ತಿದ್ದಾರೆ, ಚೆಸ್ ಆಡುತ್ತಿದ್ದಾರೆ, ಕ್ರಿಸ್‌ಮಸ್ ಊಟಕ್ಕೆ ತಯಾರಿ ಮಾಡುತ್ತಿದ್ದಾರೆ. ನೋಡಿದರೆ ಹಾಸ್ಟೆಲ್ ಅನ್ನಬೇಕು. ಭಾವ ಕನ್ನಡಕ ಸರಿಮಾಡಿಕೊಂಡು, "ಚೆನ್ನಾಗಿಯೇ ನೋಡಿಕೊಂಡಿದ್ದಾರಲ್ಲೋ" ಅಂದರು. ನಾನು ಸ್ವಲ್ಪ ಓದಿಕೊಂಡು ಹೋಗಿದ್ದೆ. "ಇಲ್ಲ ಭಾವ, ಕೂತ್ಕೊಳ್ಳಿ ಹೇಳ್ತೀನಿ" ಅಂದೆ.

ವಾಪಸು ಹೋದವರು ಹೇಳಿದ್ದೇ ಬೇರೆ. ಕೈ ಹಿಂದಕ್ಕೆ ಕಟ್ಟಿ, ಹಗ್ಗದಿಂದ ಭುಜ ಕಳಚುವ ಹಾಗೆ ಎಳೆಯುತ್ತಿದ್ದರು. ತಪ್ಪೊಪ್ಪಿಗೆ ಬರೆದುಕೊಡುವವರೆಗೆ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಒಂಟಿ ಕೋಣೆ. ಊಟ ಅಂದರೆ ಬಹಳ ದಿನ ಕುಂಬಳಕಾಯಿಯ ನೀರು ಸಾರು. 1966ರಲ್ಲಿ ಜೆರೆಮಯಾ ಡೆಂಟನ್ ಎಂಬ ಅಧಿಕಾರಿಯನ್ನು ಟಿವಿ ಕ್ಯಾಮೆರಾ ಮುಂದೆ ಕೂರಿಸಿದರು. ಅವನು ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾ, ಕಣ್ಣು ಮಿಟುಕಿಸಿ ಮಿಟುಕಿಸಿ ಮೋರ್ಸ್ ಸಂಕೇತದಲ್ಲಿ 'ಚಿತ್ರಹಿಂಸೆ' ಅನ್ನುವುದರ ಇಂಗ್ಲಿಷ್ ಪದವನ್ನು ಹೇಳಿಬಿಟ್ಟ. ಜೇಮ್ಸ್ ಸ್ಟಾಕ್‌ಡೇಲ್ ಎಂಬವನು ತನ್ನನ್ನು ಕ್ಯಾಮೆರಾ ಮುಂದೆ ತೋರಿಸಬಾರದು ಅಂತ ಸ್ಟೂಲಿನಿಂದ ತನ್ನ ಮುಖಕ್ಕೆ ತಾನೇ ಹೊಡೆದುಕೊಂಡ. 1969ರ ಕೊನೆಯ ಹೊತ್ತಿಗೆ ಹಿಂಸೆ ಕಡಿಮೆಯಾಯಿತು. ಆ ಫೋಟೊಗಳು ಸುಳ್ಳು ಅಂತ ನಾನು ಹೇಳುವುದಿಲ್ಲ. ಆಚೆ ಕೋಣೆಯಲ್ಲಿ ಕೋಳವನ್ನೂ ಗಿಲೊಟಿನ್ನನ್ನೂ ಅಷ್ಟು ಬಿಚ್ಚಿ ತೋರಿಸಿದವರು ಈಚೆ ಕೋಣೆಯಲ್ಲಿ ವಾಲಿಬಾಲ್ ಮಾತ್ರ ತೋರಿಸಿದರಲ್ಲ, ಅದು ನನಗೆ ಚುಚ್ಚಿತು.

"ಮಾತಾಡೋಕೆ ಬಿಡ್ತಿರಲಿಲ್ವಾ?" ಅಂತ ಅಕ್ಕ ಕೇಳಿದಳು. ಬಿಡುತ್ತಿರಲಿಲ್ಲ. ಅದಕ್ಕೇ ಅವರು ಗೋಡೆ ತಟ್ಟುವುದನ್ನು ಕಲಿತರು. 1965ರಲ್ಲಿ ಸಿಕ್ಕಿಬಿದ್ದ ಕಾರ್ಲೈಲ್ ಹ್ಯಾರಿಸ್ ಎಂಬವನಿಗೆ ತರಬೇತಿ ಕಾಲದಲ್ಲಿ ಶಿಕ್ಷಕನೊಬ್ಬ ಹೇಳಿದ್ದು ನೆನಪಿತ್ತು. ಐದು ಸಾಲು, ಸಾಲಿಗೆ ಐದು ಅಕ್ಷರ. ಮೊದಲು ಎಷ್ಟನೇ ಸಾಲು ಅಂತ ತಟ್ಟಬೇಕು, ಆಮೇಲೆ ಎಷ್ಟನೇ ಅಕ್ಷರ ಅಂತ. ಇಂಗ್ಲಿಷಿನಲ್ಲಿ 26 ಅಕ್ಷರ, ಮನೆ 25. ಅದಕ್ಕೆ ಕೆ ಬಿಟ್ಟು, ಅದರ ಕೆಲಸವನ್ನೂ ಸಿ ಗೇ ಕೊಟ್ಟರು. ಕಸ ಗುಡಿಸುವಾಗ ಪೊರಕೆಯಲ್ಲಿ, ಸುಮ್ನೆ ಕೂತಾಗ ಕೆಮ್ಮಿನಲ್ಲಿ, ಎಲ್ಲದರಲ್ಲೂ ಮಾತೇ. ರಾತ್ರಿ ಮಲಗುವ ಮುಂಚೆ ಜಿ, ಬಿ, ಯು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಅಂತ.

ನಾನು ಟಿಕೆಟ್ಟಿನ ಹಿಂದೆ ಐದೈದು ಮನೆ ಗೀಚಿ ತೋರಿಸಿದೆ. ಭಾವ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಟಿಕೆಟ್ ಕಿತ್ತುಕೊಂಡು ನೋಡಿ, "ಏ, ಇದು ನಮ್ಮ ವರ್ಗೀಯ ವ್ಯಂಜನ ಕಣೋ!" ಅಂತ ಜೋರಾಗಿ ಅಂದರು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ. ಐದೈದಲ ಇಪ್ಪತ್ತೈದು. ನಮಗೆ ಬಾಯಿಪಾಠ ಆಗಿರುವ ಸಾಲೇ ಅದು. ಭಾವ ಬೆಂಚಿನ ಮೇಲೆ ಬೆರಳಲ್ಲಿ ತಟ್ಟಿದರು. ನಾಲ್ಕು, ಒಂದು. ಐದು, ಐದು. ಐದು, ಐದು. ನಾನು ಲೆಕ್ಕ ಹಾಕಿ ಹೇಳಿದೆ: ತಮ್ಮ. ಅವರ ಮುಖ ಪಾಸಾದ ಹುಡುಗನ ಹಾಗಾಯಿತು.

ಬಾಯಿಪಾಠ ಅಂದಾಗ ಇನ್ನೊಬ್ಬನ ಕಥೆ ಹೇಳಲೇಬೇಕು. ಡಗ್ ಹೆಗ್ಡಾಲ್ ಅಂತ ಇಪ್ಪತ್ತು ವರ್ಷದ ನಾವಿಕ. 1967ರಲ್ಲಿ ರಾತ್ರಿ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸಿಕ್ಕಿಬಿದ್ದ. ಅದೇ ಊರಿನ ಇನ್ನೊಂದು ಕ್ಯಾಂಪಿನಲ್ಲಿದ್ದ. ಓದು ಬರಹ ಬಾರದ ಪೆದ್ದನ ಹಾಗೆ ನಟಿಸಿದ. ಕಾವಲಿನವರು ನಂಬಿ, ಕಸ ಗುಡಿಸಲು ಬಿಟ್ಟರು. ಆ ಪೆದ್ದ ಸಂದು ಸಿಕ್ಕಾಗ ಲಾರಿಗಳ ಇಂಧನದ ಟ್ಯಾಂಕಿಗೆ ಮಣ್ಣು ಹಾಕಿದ. ಅಷ್ಟೇ ಅಲ್ಲ, ಸುಮಾರು 256 ಕೈದಿಗಳ ಹೆಸರನ್ನು ಒಂದು ಮಕ್ಕಳ ಹಾಡಿನ ಧಾಟಿಗೆ ಕೂರಿಸಿ ಕಲಿತ. ಬೇಗ ಬಿಡುಗಡೆ ಒಪ್ಪಬಾರದು ಅಂತ ಕೈದಿಗಳಲ್ಲೇ ಕಟ್ಟು ಇತ್ತು. ಆದರೆ ಇವನಿಗೆ ಮಾತ್ರ ಮೇಲಿನವರು 'ಹೋಗು, ಹೆಸರುಗಳನ್ನು ಮನೆ ಮುಟ್ಟಿಸು' ಅಂತ ಆಜ್ಞೆ ಮಾಡಿದರು. 1969ರ ಆಗಸ್ಟಿನಲ್ಲಿ ಹೊರಬಂದ. ಎಷ್ಟೋ ಮನೆಗಳಿಗೆ ಮಗ ಬದುಕಿದ್ದಾನೋ ಇಲ್ಲವೋ ಅಂತಲೇ ಗೊತ್ತಿರದ ಕಾಲ ಅದು.

ಸಂಜೆ ಟ್ರುಕ್ ಬಾಕ್ ಕೆರೆಗೆ ಹೋದೆವು. ಹಂಸದ ಆಕಾರದ ಪೆಡಲ್ ದೋಣಿಗಳು, ದಡದಲ್ಲಿ ಕಾಫಿ ಅಂಗಡಿಗಳು. 1967ರ ಅಕ್ಟೋಬರ್ 26ರಂದು ಅಮೆರಿಕದ ಪೈಲಟ್ ಜಾನ್ ಮೆಕೇನ್ ಪ್ಯಾರಾಚೂಟಿನಲ್ಲಿ ಬಿದ್ದದ್ದು ಈ ನೀರಿಗೆ. ಎರಡೂ ಕೈ, ಒಂದು ಕಾಲು ಮುರಿದಿತ್ತು. ಊರವರೇ ಎಳೆದು ದಡಕ್ಕೆ ಹಾಕಿದರು. ರಸ್ತೆ ಬದಿಯಲ್ಲಿ ಒಂದು ಕಲ್ಲಿನ ಶಿಲ್ಪ ಇದೆ. ತಲೆ ಬಾಗಿಸಿ, ಎರಡೂ ಕೈ ಮೇಲೆತ್ತಿ ನಿಂತ ಮನುಷ್ಯ. ಅದರಲ್ಲಿ ಅವನನ್ನು ವಾಯುಪಡೆಯವನು ಅಂದಿದ್ದಾರೆ, ಅವನು ನೌಕಾಪಡೆಯವನು. ಅದು ಹೋಗಲಿ. ಆ ಗಾಯ, ಆಮೇಲಿನ ಹಿಂಸೆಗಳಿಂದ ಮೆಕೇನ್‌ಗೆ ಸಾಯುವವರೆಗೂ ಕೈಯನ್ನು ತಲೆಯವರೆಗೆ ಎತ್ತಲು ಆಗುತ್ತಿರಲಿಲ್ಲ. ತಲೆ ಬಾಚಲೂ ಇನ್ನೊಬ್ಬರು ಬೇಕಿತ್ತು. ಕಲ್ಲಿನವನು ಮಾತ್ರ ಇವತ್ತಿಗೂ ಕೈ ಎತ್ತಿಕೊಂಡೇ ಇದ್ದಾನೆ.

ಮೆಕೇನ್‌ನ ಅಪ್ಪ ದೊಡ್ಡ ನೌಕಾ ಅಧಿಕಾರಿ ಅಂತ ಗೊತ್ತಾಗಿ 1968ರಲ್ಲೇ ಬಿಡುತ್ತೇವೆ ಅಂದರಂತೆ. ನನಗಿಂತ ಮುಂಚೆ ಬಂದವರು ಮೊದಲು ಹೋಗಲಿ ಅಂದ. ಕೊನೆಗೆ ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದವಾಗಿ, 1973ರ ಫೆಬ್ರವರಿ 12ರಿಂದ 591 ಜನ ತಂಡ ತಂಡವಾಗಿ ಹೊರಟರು. ಇವನ ಸರದಿ ಬಂದದ್ದು ಮಾರ್ಚ್ 14ಕ್ಕೆ. ಮುಂದೆ ಸೆನೆಟರ್ ಆದ. 1995ರಲ್ಲಿ ಎರಡು ದೇಶಗಳು ಮತ್ತೆ ರಾಯಭಾರ ಸಂಬಂಧ ಬೆಳೆಸಲು ಮುಂದೆ ನಿಂತವರಲ್ಲಿ ಇವನೂ ಒಬ್ಬ. 2018ರಲ್ಲಿ ಇವನು ಸತ್ತಾಗ ಅದೇ ಕಲ್ಲಿನ ಬುಡಕ್ಕೆ ಜನ ಹೂವು ತಂದಿಟ್ಟರು.

ಎಲ್ಲರಿಗೂ ಮನೆ ಹಾಗೇ ಕಾದಿರಲಿಲ್ಲ. ಅಲ್ವಾರೆಜ್‌ನ ಹೆಂಡತಿ ಅವನು ಜೈಲಿನಲ್ಲಿದ್ದಾಗಲೇ ವಿಚ್ಛೇದನ ತೆಗೆದುಕೊಂಡು ಬೇರೆ ಮದುವೆಯಾಗಿದ್ದಳು. ಅಕ್ಕ ಇದನ್ನು ಕೇಳಿ ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಅವಳದ್ದೂ ತಪ್ಪು ಅನ್ನೋಕಾಗಲ್ಲ ಬಿಡು, ಎಂಟೂವರೆ ವರ್ಷ" ಅಂದಳು. ಅವನು ಬಂದ ವರ್ಷವೇ ಮತ್ತೆ ಮದುವೆಯಾದ ಅಂದಾಗ ಅವಳ ಮುಖ ತಿಳಿಯಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ಪೀಟ್ ಪೀಟರ್‌ಸನ್ ಕಥೆ. 1966ರಲ್ಲಿ ಸಿಕ್ಕಿಬಿದ್ದು ಆರೂವರೆ ವರ್ಷ ಕೈದಿ. 1997ರಲ್ಲಿ ಅದೇ ಹನೋಯ್‌ಗೆ ಅಮೆರಿಕದ ಮೊದಲ ರಾಯಭಾರಿಯಾಗಿ ಬಂದ. ತನ್ನನ್ನು ಹಿಡಿದ ಆನ್ ದ್ವಾಯ್ ಹಳ್ಳಿಗೆ ಹೋಗಿ ಹಿಡಿದವರನ್ನೇ ಮಾತಾಡಿಸಿದ. ವಿಯೆಟ್ನಾಮಿನಲ್ಲಿ ಹುಟ್ಟಿದವಳನ್ನೇ ಮದುವೆಯಾದ. ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವುದನ್ನು ತಪ್ಪಿಸುವ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಇಳಿದರು.

ರಾತ್ರಿ ಹೋಟೆಲಿಗೆ ಬಂದು ಸುಸ್ತಾಗಿ ಮಲಗಿದೆ. ಅಕ್ಕ, ಭಾವ ಪಕ್ಕದ ರೂಮು. ಬೆಳಗ್ಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ತಲೆದಿಂಬಿನ ಹಿಂದೆ ಗೋಡೆ ಟಕ್ ಅಂತು. ಸ್ವಲ್ಪ ತಡೆದು ಮತ್ತೆ ಟಕ್. ಆಮೇಲೆ ಐದು. ಆಮೇಲೆ ಎರಡು. ಹಾಸಿಗೆಯಲ್ಲೇ ಬೆರಳು ಮಡಿಸಿ ಎಣಿಸಿದೆ. ಒಂದು, ಒಂದು: ಕ. ಐದು, ಎರಡು: ಫ.

ಎದ್ದು ಹೋಗಿ ಬಾಗಿಲು ತಟ್ಟಿದೆ. "ಏನ್ ಭಾವ, ಕಫ ಆಗಿದೆಯಾ?"

"ಕಾಫಿ ಕಣೋ!" ಅಂದರು ಒಳಗಿಂದ. "ಗೋಡೆಗೆ ಕಾಗುಣಿತ ಎಲ್ಲಿಂದ ತರಲಿ?"