ಮುಟ್ಟಿದಾಗ ಅಂಟದ ಬಣ್ಣ, ಮಡಚಿದಾಗ ಅಂಟಿತು

ಹಳೆ ಪೀಠೋಪಕರಣ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಪೇಂಟಿಂಗ್ ಸೆಕ್ಷನ್ ನನ್ನದು. ರಜೆ ದಿನಗಳಲ್ಲಿ ಒಂದು ಬ್ಯಾಚ್ ಕೂಡ ನಡೆಸುತ್ತೇವೆ. ಬರುವವರು ತಮ್ಮ ಹಳೆ ಕುರ್ಚಿ ತರುತ್ತಾರೆ, ತಾವೇ ಬಣ್ಣ ಹೊಡೆದು ಸಂಜೆ ಮನೆಗೆ ಒಯ್ಯುತ್ತಾರೆ. ಸಣ್ಣ ಸ್ಟೂಲಿಗೆ ಈ ಲೆಕ್ಕ ಹೇಗೋ ನಡೆಯುತ್ತದೆ. ಕಬ್ಬಿಣದ ಮಡಚುವ ಕುರ್ಚಿಗೆ ನಡೆಯುವುದಿಲ್ಲ.

ಆ ಬ್ಯಾಚಿಗೆ ಒಬ್ಬರು ಹಿರಿಯರು ಬಂದಿದ್ದರು. ಅವರ ಕುರ್ಚಿ ತುಕ್ಕು ಹಿಡಿದಿದ್ದರೂ ಚೌಕಟ್ಟು ಗಟ್ಟಿ ಇತ್ತು. ಸೀಟು ಹಳದಿ, ಕಾಲು ನೀಲಿ ಬೇಕು ಅಂದರು. ವೈರ್ ಬ್ರಷ್ ಹಾಕಿ ತುಕ್ಕು ಉದುರಿಸಿದೆವು. ಹಳೆ ಪೇಂಟಿನಲ್ಲಿ ಸೀಸ ಇರಬಹುದು, ಹಾಗಾಗಿ ಧೂಳು ಏಳದಂತೆ ವಾಟರ್ ಪೇಪರಿನಲ್ಲಿ ನೀರು ಹಾಕಿಯೇ ಉಜ್ಜಿಸಿದೆ. ಉಜ್ಜಿದ ತಕ್ಷಣ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಬರಿ ಕಬ್ಬಿಣಕ್ಕೆ ಮತ್ತೆ ತುಕ್ಕು ಬರುತ್ತದೆ.

ತೊಂದರೆ ಶುರುವಾಗಿದ್ದು ಪ್ರೈಮರಿನಿಂದ, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿ ಕೋಟಿನಿಂದ. ಹಳದಿಗೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ, ಅದಕ್ಕೆ ಬಿಳಿ ಪ್ರೈಮರೇ ಬೇಕು. ನಮ್ಮ ಸ್ಟೋರಿನಲ್ಲಿ ಇದ್ದದ್ದು ರೆಡ್ ಆಕ್ಸೈಡ್ ಅನ್ನುವ ಕೆಂಪು ಪ್ರೈಮರ್ ಮಾತ್ರ. ಬಿಳಿ ತರಿಸಿ ಅಂತ ನಾನು ಹಾಕಿದ ಇಂಡೆಂಟ್ "ಎರಡೂ ಪ್ರೈಮರೇ ಅಲ್ವಾ" ಅನ್ನುವ ಮಾತಿನೊಂದಿಗೆ ವಾಪಸ್ ಬಂದಿತ್ತು. ಮೊದಲ ಕೋಟ್ ಬಿದ್ದಾಗ ಹಳದಿ ಹೋಗಿ ಕೆಸರಿನ ಬಣ್ಣ ಕಂಡಿತು. ಹಿರಿಯರ ಮುಖ ಸಪ್ಪಗಾಯಿತು. ಅದನ್ನು ನೋಡಲಾಗದೆ ಇನ್ನೊಂದು ಕೋಟ್ ಹಾಕಿಸಿದೆ, ಅದರ ಮೇಲೆ ಮತ್ತೊಂದು. ಕೊನೆಗೆ ಹಳದಿ ಜಗ್ಗನೆ ಎದ್ದು ಬಂತು. ಪದರವೂ ಅಷ್ಟೇ ದಪ್ಪವಾಯಿತು.

ಬ್ಯಾಚ್ ಮುಗಿಯುವ ಹೊತ್ತು. ಮ್ಯಾನೇಜರ್ ಫೋಟೋಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ನಾನು ಸೀಟಿನ ನಡುವೆ ಬೆರಳಿಟ್ಟು ನೋಡಿದೆ. ಅಂಟಲಿಲ್ಲ. "ಟಚ್ ಡ್ರೈ ಆಗಿದೆ ಸಾರ್, ಮಡಚಿ" ಅಂದೆ. ಅವರು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಆಗ ಮ್ಯಾನೇಜರ್, "ಬಿಚ್ಚಿ ತೋರಿಸಿ, ಫೋಟೋ ಚೆನ್ನಾಗಿ ಬರುತ್ತೆ" ಅಂದರು.

ಕುರ್ಚಿ ಬಿಚ್ಚಿಕೊಳ್ಳಲಿಲ್ಲ. ಹಿರಿಯರು ಮೆಲ್ಲಗೆ ಎಳೆದರು, ಆಮೇಲೆ ಸ್ವಲ್ಪ ಜೋರಾಗಿ. ಎಲ್ಲರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ನಾನು ಹೋಗಿ ಕಾಲು ಹಿಡಿದುಕೊಂಡೆ. ಪರ್ರ್ ಅಂತ ಸದ್ದಾಯಿತು. ಸೀಟಿನ ಅಂಚಿನ ಹಳದಿ ಅಗಲವಾದ ಪಟ್ಟಿಯಾಗಿ ಕಿತ್ತು ನೀಲಿ ಕಾಲಿಗೆ ಹತ್ತಿಕೊಂಡಿತು. ಕೆಳಗೆ ಪ್ರೈಮರಿನ ಕೆಂಪು, ಗಾಯ ಬಿಚ್ಚಿದ ಹಾಗೆ. ರಿವೆಟ್ಟಿನ ಸುತ್ತ ಬಣ್ಣ ಇನ್ನೂ ಹಸಿಯಾಗಿ ಎಳೆ ಎಳೆಯಾಗಿ ಬರುತ್ತಿತ್ತು.

"ಪರವಾಗಿಲ್ಲ ಬಿಡಪ್ಪ" ಅಂದರು ಅವರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಸೀಟಿನ ನಡುಭಾಗಕ್ಕೆ ಗಾಳಿ ಸಿಗುತ್ತದೆ, ಬ್ರಷ್ ಕೂಡ ಅಲ್ಲಿ ತೆಳುವಾಗಿ ಓಡುತ್ತದೆ. ಬಣ್ಣ ಹೋಗಿ ನಿಲ್ಲುವುದು ಅಂಚಿನಲ್ಲಿ, ಕೀಲಿನ ಸಂದಿಯಲ್ಲಿ. ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಮಡಚಿದಾಗ ಒಂದಕ್ಕೊಂದು ಒತ್ತಿಕೊಳ್ಳುವುದೂ ಅದೇ ಜಾಗ. ಹಾಗಾಗಿ ಈಗ ನಾನು ಬೆರಳಿಡುವುದು ಕೀಲಿನ ಹತ್ತಿರವೇ. ಹೆಬ್ಬೆರಳು ಒತ್ತಿ ಸ್ವಲ್ಪ ತಿರುಗಿಸಬೇಕು. ಗುರುತು ಬಿದ್ದರೆ, ಪದರ ಜಾರಿದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ರಿವೆಟ್ಟಿಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿಸುತ್ತೇನೆ. ಸಂದಿಯಲ್ಲಿ ನಿಂತ ಬಣ್ಣವನ್ನು ಪ್ರತಿ ಕೋಟಿನ ನಂತರ ಒಣ ಬ್ರಷ್ಷಿನ ತುದಿಯಿಂದ ಎಳೆದು ತೆಗೆಸುತ್ತೇನೆ. ಅವಸರ ಇದ್ದವರು ಕುರ್ಚಿಯನ್ನು ಬಿಚ್ಚಿದ ಹಾಗೆಯೇ ಒಯ್ಯಲಿ. ನಾವು ಹೊಡೆಯುವ ಎನಾಮಲ್ ಬಣ್ಣ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು.

ಹಿರಿಯರ ಕುರ್ಚಿ ನಮ್ಮಲ್ಲೇ ಉಳಿಯಿತು. ಪೂರ್ತಿ ಒಣಗಿದ ಮೇಲೆ ಕಿತ್ತ ಅಂಚನ್ನು 320 ನಂಬರಿನ ಉಜ್ಜುವ ಪೇಪರಿನಲ್ಲಿ ಸಪಾಟು ಮಾಡಿದೆ. ಬಿಳಿ ಪ್ರೈಮರ್ ಒಂದು ಡಬ್ಬಿ ನಾನೇ ತಂದೆ. ಅದರ ಮೇಲೆ ಹಳದಿ ತೆಳುವಾಗಿ ಹೊಡೆದರೂ ಚೆನ್ನಾಗಿ ಕೂತಿತು.

ಮಡಚುವ ಕುರ್ಚಿಯ ಬ್ಯಾಚನ್ನು ಎರಡು ಭಾಗ ಮಾಡಿ ಅಂತ ಕೇಳುತ್ತಲೇ ಇದ್ದೇನೆ. ಜನ ಎರಡು ಸಲ ಬರೋಲ್ಲ ಅನ್ನುತ್ತಾರೆ ಮ್ಯಾನೇಜರ್. ನಾನಂತೂ ಅಂಥ ಕುರ್ಚಿ ತಂದವರಿಗೆ ಬಾಗಿಲಲ್ಲೇ ಹೇಳಿಬಿಡುತ್ತೇನೆ: ಬಣ್ಣ ಇವತ್ತು, ಮಡಚೋದು ಮುಂದಿನ ವಾರ.