ಕುಪ್ಯ ತೊಟ್ಟವನನ್ನು ಕಾಫಿ ತೋಟದಲ್ಲಿ ನಡೆಸುವುದು: ಪಿಕ್ಸೆಲ್ ಅನಿಮೇಶನ್ನಿನ ಲೆಕ್ಕಾಚಾರ

ಕೊಡಗಿನಲ್ಲಿ ನಡೆಯುವ ಗೇಮ್ ಮಾಡಲು ಹೊರಟರೆ ಮೊದಲು ಎದುರಾಗುವ ತೊಂದರೆ ಬಣ್ಣದ್ದು. ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟ ಮನುಷ್ಯ, ಅವನ ಹಿಂದೆ ಕಾಫಿ ಗಿಡದ ಗಾಢ ಹಸಿರು, ಅದರ ಮೇಲೆ ಸಿಲ್ವರ್ ಓಕಿನ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. 32 ಪಿಕ್ಸೆಲ್ ಎತ್ತರದ ಆ ಮನುಷ್ಯ ಎರಡು ಹೆಜ್ಜೆ ಇಟ್ಟರೆ ಸಾಕು, ಕಣ್ಣಿಗೆ ಸಿಗುವುದೇ ಇಲ್ಲ. ಎಷ್ಟು ಚೆಂದದ ಅನಿಮೇಶನ್ ಮಾಡಿದರೂ ಕಾಣದಿದ್ದರೆ ಏನು ಬಂತು? ಹಾಗಾಗಿ ಚಲನೆಗಿಂತ ಮೊದಲು ಬಣ್ಣ ತೀರ್ಮಾನವಾಗಬೇಕು.

ಅದಕ್ಕೂ ಮೊದಲು ಕ್ಯಾನ್ವಾಸ್, ಅಂದರೆ ಗೇಮ್ ಬಿಡಿಸುವ ಪರದೆಯ ಅಳತೆ. 320×180 ಒಳ್ಳೆಯ ಅಳತೆ. ನಾಲ್ಕು ಪಟ್ಟು ಮಾಡಿದರೆ 1280×720, ಆರು ಪಟ್ಟು ಮಾಡಿದರೆ 1920×1080 ಸರಿಯಾಗಿ ಬರುತ್ತದೆ. 1366×768ರ ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ಪಟ್ಟಿಗೆ ನಿಲ್ಲಿಸಿ ಸುತ್ತ ಕಪ್ಪು ಅಂಚು ಬಿಡಿ. ಪರದೆ ತುಂಬಲೆಂದು 4.26 ಪಟ್ಟು ಎಳೆದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳು ಆಗಿ, ನಡೆಯುವಾಗ ಮುಖವೇ ಅಲುಗಾಡಿದಂತೆ ಕಾಣುತ್ತದೆ. ಹಳೆಯ ಯಂತ್ರಗಳ ಮಿತಿಗಳನ್ನೆಲ್ಲ ಹೊರಬೇಕಾಗಿಲ್ಲ. 1983ರ ಫ್ಯಾಮಿಕಾಮ್‌ನಲ್ಲಿ ಒಂದು ಸ್ಪ್ರೈಟಿಗೆ (ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರಕ್ಕೆ) ಮೂರೇ ಬಣ್ಣ, ಮೇಲೊಂದು ಪಾರದರ್ಶಕ. 1989ರ ಗೇಮ್ ಬಾಯ್‌ಗೆ 160×144 ಪರದೆ, ನಾಲ್ಕು ಛಾಯೆ. ಅವುಗಳಿಂದ ಒಂದು ಶಿಸ್ತನ್ನು ಮಾತ್ರ ತೆಗೆದುಕೊಳ್ಳಿ: ಇಡೀ ಗೇಮಿಗೆ ಒಂದೇ ಪ್ಯಾಲೆಟ್ (ಬಣ್ಣಗಳ ಪಟ್ಟಿ). ಕೊಡಗಿಗೆ 24 ಬಣ್ಣ ಧಾರಾಳ.

ಕುಪ್ಯಕ್ಕೆ ಅಚ್ಚ ಕಪ್ಪು ಬಳಸಬೇಡಿ. ನೇರಳೆ ಕಡೆಗೆ ವಾಲಿದ ಕಡುನೀಲಿ ಇರಲಿ. ಹೆಗಲು ಮತ್ತು ಬೆನ್ನಿನ ಅಂಚಿಗೆ ಒಂದೇ ಪಿಕ್ಸೆಲ್ ತಿಳಿನೀಲಿ ಬೆಳಕು ಕೊಡಿ. ತೋಟದ ಹಸಿರಿನಲ್ಲಿ ಅತಿ ಗಾಢವಾದುದೂ ಈ ಕಡುನೀಲಿಗಿಂತ ಎರಡು ಮೆಟ್ಟಿಲು ತಿಳಿಯಾಗಿರಬೇಕು. ಪರೀಕ್ಷೆ ಸುಲಭ: ಇಡೀ ದೃಶ್ಯವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ಮನುಷ್ಯ ಬೇರೆಯಾಗಿ ಕಂಡರೆ ಸರಿ. ಕೆಂಪನ್ನು ಸೊಂಟಕ್ಕೆ ಸುತ್ತುವ ಚೇಲೆಗೆಂದೇ ಮೀಸಲಿಡಿ. ಹಣ್ಣಾದ ಕಾಫಿಗೂ ಅದೇ ಕೆಂಪು ಹಚ್ಚಿದರೆ ಕಣ್ಣು ಎಲ್ಲೆಲ್ಲೋ ಓಡುತ್ತದೆ. ಹಣ್ಣಿಗೆ ಸ್ವಲ್ಪ ಮಂಕಾದ, ಕಂದಿನ ಕಡೆಯ ಕೆಂಪು ಸಾಕು.

ಈಗ ನಡಿಗೆ. 32 ಪಿಕ್ಸೆಲನ್ನು ಹೀಗೆ ಹಂಚಿ: ತಲೆಗೆ 8, ಸೊಂಟದವರೆಗೆ 8, ಸೊಂಟದಿಂದ ಮಂಡಿಯವರೆಗೆ 9, ಉಳಿದ 7 ಕಾಲಿಗೆ. ಕುಪ್ಯ ಮಂಡಿಯವರೆಗೆ ಇಳಿಯುವುದರಿಂದ ಹೆಜ್ಜೆ ತೋರಿಸಲು ಆ 7 ಪಿಕ್ಸೆಲ್ ಬಿಟ್ಟರೆ ಬೇರೆ ಜಾಗವೇ ಇಲ್ಲ. ಷರ್ಟು-ಪ್ಯಾಂಟಿನ ಪಾತ್ರಕ್ಕೆ ಮಾಡಿದ ನಡಿಗೆಯನ್ನು ಇಲ್ಲಿಗೆ ತಂದು ಹಾಕಿದರೆ ಮನುಷ್ಯ ತೇಲಿದಂತೆ ಕಾಣುವುದು ಇದೇ ಕಾರಣಕ್ಕೆ. ಕುಪ್ಯದ ಕೆಳ ಅಂಚೇ ಹೆಜ್ಜೆ ಹಾಕಬೇಕು: ಮುಂದಿನ ಕಾಲು ಚಾಚಿದಾಗ ಅಂಚು ಆ ಕಡೆಗೆ ಎರಡು ಪಿಕ್ಸೆಲ್ ಅಗಲವಾಗಲಿ, ಕಾಲುಗಳು ಒಂದನ್ನೊಂದು ದಾಟುವಾಗ ಒಳಗೆ ಸೇರಲಿ. ಕೈಗಳ ವಿಷಯದಲ್ಲಿ ಉಡುಪೇ ನೆರವಿಗೆ ಬರುತ್ತದೆ. ಕುಪ್ಯಕ್ಕೆ ಅರ್ಧ ತೋಳು, ಒಳಗೆ ಬಿಳಿ ಅಂಗಿಯ ಪೂರ್ಣ ತೋಳು. ಕಡುನೀಲಿಯ ಮೇಲೆ ಆ ಬಿಳಿ ಬೀಸಾಡಿದರೆ ದೂರದಿಂದಲೂ ನಡಿಗೆ ಗೊತ್ತಾಗುತ್ತದೆ.

ಒಂದು ಸುತ್ತಿನ ನಡಿಗೆಗೆ ಎಂಟು ಫ್ರೇಮ್ (ಬಿಡಿ ಚಿತ್ರ) ಸಾಕು. ಮೊದಲನೆಯದರಲ್ಲಿ ಹಿಮ್ಮಡಿ ನೆಲ ಮುಟ್ಟುತ್ತದೆ, ಎರಡನೆಯದರಲ್ಲಿ ಮೈ ಒಂದು ಪಿಕ್ಸೆಲ್ ಕುಗ್ಗುತ್ತದೆ, ಮೂರನೆಯದರಲ್ಲಿ ಕಾಲು ದಾಟುತ್ತದೆ, ನಾಲ್ಕನೆಯದರಲ್ಲಿ ಮೈ ಒಂದು ಪಿಕ್ಸೆಲ್ ಮೇಲೇಳುತ್ತದೆ. ಉಳಿದ ನಾಲ್ಕರಲ್ಲಿ ಇದೇ ಕ್ರಮ ಇನ್ನೊಂದು ಕಾಲಿಗೆ. ಆಚೆ ಬದಿಯ ಕಾಲಿಗೆ ಒಂದು ಛಾಯೆ ಗಾಢ ಬಣ್ಣ ಕೊಡದಿದ್ದರೆ ಎರಡು ಕಾಲೂ ಅದಲುಬದಲಾದಂತೆ ಕಾಣುತ್ತವೆ. ಚೇಲೆಯ ಇಳಿಬಿದ್ದ ತುದಿ ಸೊಂಟಕ್ಕಿಂತ ಒಂದು ಫ್ರೇಮ್ ತಡವಾಗಿ ಬರಲಿ: ಸೊಂಟ 2 ಮತ್ತು 6ರಲ್ಲಿ ತಗ್ಗಿದರೆ ಚೇಲೆಯ ತುದಿ 3 ಮತ್ತು 7ರಲ್ಲಿ ತಗ್ಗಲಿ. ಬಟ್ಟೆಗೆ ತೂಕ ಬರುವುದು ಈ ಒಂದು ಫ್ರೇಮಿನ ವ್ಯತ್ಯಾಸದಿಂದ.

ಕಾಲು ಜಾರುವ ದೋಷ ಹೆಚ್ಚಿನ ಸಣ್ಣ ಗೇಮ್‌ಗಳಲ್ಲಿ ಕಾಣುತ್ತದೆ, ಅದಕ್ಕೆ ಕಾರಣ ಬರೀ ಗಣಿತ. ಒಂದು ಸುತ್ತಿನ ನಡಿಗೆಯಲ್ಲಿ ಪಾತ್ರ 24 ಪಿಕ್ಸೆಲ್ ಮುಂದೆ ಹೋಗುವಂತೆ ಬಿಡಿಸಿದ್ದೀರಿ, ಅಂದರೆ ಫ್ರೇಮಿಗೆ 3. ಫ್ರೇಮಿಗೆ 100 ಮಿಲಿಸೆಕೆಂಡ್ ಇಟ್ಟರೆ ವೇಗ ಸೆಕೆಂಡಿಗೆ 30 ಪಿಕ್ಸೆಲ್. ಕೋಡ್‌ನಲ್ಲಿ 45 ಇದ್ದರೆ ಕಾಲು ಜಾರಿಯೇ ಜಾರುತ್ತದೆ. ಫ್ರೇಮನ್ನು 67 ಮಿಲಿಸೆಕೆಂಡಿಗೆ ಇಳಿಸಿ, ಲೆಕ್ಕ ಕೂಡುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ ಪರದೆಯಲ್ಲಿ 67 ಅಂದರೆ ನಾಲ್ಕು ಸಲ, 83 ಅಂದರೆ ಐದು, 100 ಅಂದರೆ ಆರು. ನಡುವಿನ ಸಂಖ್ಯೆಗಳನ್ನು ಇಟ್ಟರೆ ಕೆಲವು ಫ್ರೇಮ್ ಹೆಚ್ಚು ಹೊತ್ತು ನಿಂತು ನಡಿಗೆ ಕುಂಟುತ್ತದೆ.

ತೋಟದಲ್ಲಿ ಕಾಡು ಕಡಿಯುವ ಕತ್ತಿ ಬೀಸುವಾಗ ಎಲ್ಲ ಫ್ರೇಮಿಗೂ ಒಂದೇ ಸಮಯ ಕೊಡುವುದು ದೊಡ್ಡ ತಪ್ಪು. ಕೈ ಹಿಂದೆಳೆದ ಫ್ರೇಮ್ 200 ಮಿಲಿಸೆಕೆಂಡ್ ನಿಲ್ಲಲಿ. ಬೀಸು 33, ಅದರಲ್ಲಿ ಕತ್ತಿ ಬಿಡಿಸದೆ ಬರೀ ಬಿಲ್ಲಿನಾಕಾರದ ಬಿಳಿ ಪಟ್ಟಿ ಇರಲಿ. ತಾಗಿದ ಫ್ರೇಮ್ 67, ಕೈ ಕೆಳಗಿಳಿದದ್ದು 133. ಹೊಡೆತಕ್ಕೆ ಬಲ ಸಾಲದು ಅನ್ನಿಸಿದರೆ ಹೊಸ ಫ್ರೇಮ್ ಬಿಡಿಸಲು ಹೋಗಬೇಡಿ, ಮೊದಲನೆಯದನ್ನು ಇನ್ನಷ್ಟು ಹೊತ್ತು ನಿಲ್ಲಿಸಿ. ಚೇಲೆಗೆ ಸಿಕ್ಕಿಸುವ ಗಿಡ್ಡ ಕತ್ತಿ, ಪೀಚೆಕತ್ತಿಯದು ಇನ್ನೊಂದು ತಕರಾರು. ಅದು ನಡುವಿನ ಒಂದು ಪಕ್ಕಕ್ಕೆ ಇರುತ್ತದೆ, ಸ್ಪ್ರೈಟನ್ನು ಕನ್ನಡಿಯಂತೆ ತಿರುಗಿಸಿದರೆ ಪಕ್ಕ ಬದಲಾಗುತ್ತದೆ. ಈ ಉಡುಪನ್ನು ಬಲ್ಲವರಿಗೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅದನ್ನು ಬೇರೆ ಲೇಯರಿನಲ್ಲಿ ಬಿಡಿಸಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಎಕ್ಸ್‌ಪೋರ್ಟ್ ಮಾಡಿ.

ಮಳೆಗೆ ಎರಡು ಪದರ ಬೇಕು. ಎರಡಕ್ಕೂ 32 ಅಗಲ, 64 ಎತ್ತರದ ಟೈಲ್ (ಪಕ್ಕಪಕ್ಕ ಜೋಡಿಸಿ ಪರದೆ ತುಂಬುವ ತುಂಡು ಚಿತ್ರ). ಮುಂದಿನ ಪದರ ಫ್ರೇಮಿಗೆ 16 ಪಿಕ್ಸೆಲ್ ಕೆಳಗೆ, 8 ಪಕ್ಕಕ್ಕೆ ಸರಿಯಲಿ, ನಾಲ್ಕು ಫ್ರೇಮಿಗೆ ಸುತ್ತು ಮುಗಿಯುತ್ತದೆ. ಹಿಂದಿನದು 8 ಕೆಳಗೆ, 4 ಪಕ್ಕಕ್ಕೆ, ಎಂಟು ಫ್ರೇಮ್. ಎರಡರಲ್ಲೂ ಒಟ್ಟು ಸರಿತ ಟೈಲಿನ ಅಳತೆಗೆ ಸಮವಾಗುವುದರಿಂದ ಸುತ್ತು ಎಲ್ಲಿ ಕೂಡಿತೆಂದು ಗೊತ್ತಾಗುವುದಿಲ್ಲ. ಫ್ರೇಮಿಗೆ 50 ಮಿಲಿಸೆಕೆಂಡ್. ಹನಿಯ ಗೆರೆಯೂ ಅದೇ ಓರೆಯಲ್ಲಿರಬೇಕು, ಎರಡು ಕೆಳಗೆ ಒಂದು ಪಕ್ಕಕ್ಕೆ. ಮುಂದಿನ ಪದರದ ಹನಿಗಳನ್ನು ಆ ಓರೆಯಲ್ಲೇ ಎತ್ತರದಲ್ಲಿ 16 ಪಿಕ್ಸೆಲ್ ಅಂತರಕ್ಕೆ ಸಾಲಾಗಿ ಇಟ್ಟರೆ ಒಂದು ಹನಿ ಬಿಟ್ಟ ಜಾಗಕ್ಕೆ ಇನ್ನೊಂದು ಬಂದು ಕೂತು, ಮಳೆ ನಿಂತೇಬಿಟ್ಟಂತೆ ಕಾಣುತ್ತದೆ. ಅಂತರ ಏರುಪೇರಾಗಿರಲಿ. ಜೂನ್-ಜುಲೈ ಮಳೆ ತೋರಿಸಬೇಕೆಂದರೆ ಹನಿಗಳ ಸಂಖ್ಯೆ ಹೆಚ್ಚಿಸುವ ಬದಲು ಹಿಂದಿನ ಬೆಟ್ಟಗಳನ್ನು ಮಸುಕು ಮಾಡಿ. ಜಡಿಮಳೆಯಲ್ಲಿ ಮೊದಲು ಮರೆಯಾಗುವುದು ದೂರದ ಬೆಟ್ಟವೇ ಅಲ್ಲವೇ?

ಮಂಜಿಗೆ ಚುಕ್ಕಿಚುಕ್ಕಿಯ ಡಿದರಿಂಗ್ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ನಿಂತ ಚಿತ್ರದಲ್ಲಿ ಅದು ಚೆಂದ, ಪದರ ಸರಿಯತೊಡಗಿದರೆ ಮಿಣಮಿಣ ಹೊಳೆದು ಕಣ್ಣು ನೋಯಿಸುತ್ತದೆ. ರಾಜಾಸೀಟಿನಿಂದ ಕಾಣುವ ಹಾಗೆ ಒಂದರ ಹಿಂದೊಂದು ನಾಲ್ಕು ಸಾಲು ಬೆಟ್ಟ, ಒಂದೊಂದಕ್ಕೂ ಒಂದೇ ಚಪ್ಪಟೆ ಬಣ್ಣ, ದೂರ ಹೋದಂತೆ ನೀಲಿ ಮತ್ತು ತಿಳಿ. ಅಷ್ಟೇ ಸಾಕು.

ಕಾಫಿ ಗಿಡಕ್ಕೆ ಇಂಡೆಕ್ಸ್ ಪ್ಯಾಲೆಟ್ ಹೇಳಿ ಮಾಡಿಸಿದ್ದು: ಅದರಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ (ಇಂಡೆಕ್ಸ್), ಆ ಸಂಖ್ಯೆಯ ಬಣ್ಣ ಬದಲಿಸಿದರೆ ಅದನ್ನು ಹಚ್ಚಿದಲ್ಲೆಲ್ಲ ಬದಲಾಗುತ್ತದೆ. ಕಾಫಿಯಲ್ಲಿ ಹೂ ಬಿಡುವುದೂ ಕಾಯಿ ಕಟ್ಟುವುದೂ ರೆಂಬೆಯ ಅದೇ ಗಿಣ್ಣುಗಳಲ್ಲಿ. ಹಾಗಾಗಿ ಗಿಡವನ್ನು ಒಂದೇ ಸಲ ಬಿಡಿಸಿ, ಗಿಣ್ಣಿನ ನಡುವಿಗೆ ಒಂದು ಇಂಡೆಕ್ಸ್, ಸುತ್ತಲ ಎಸಳಿಗೆ ಇನ್ನೊಂದು ಇಂಡೆಕ್ಸ್ ಕೊಡಿ. ಮಾರ್ಚ್-ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲೆ ಎರಡೂ ಬಿಳಿ. ಮಳೆಗಾಲದಲ್ಲಿ ನಡು ತಿಳಿಹಸಿರು, ಎಸಳಿನ ಇಂಡೆಕ್ಸ್ ಎಲೆಯ ಹಸಿರಿಗೆ ತಿರುಗಿ ಮರೆಯಾಗುತ್ತದೆ. ಅರೇಬಿಕಾ ಹಣ್ಣಾಗುವ ಹೊತ್ತಿಗೆ, ನವೆಂಬರಿನ ಸುಮಾರಿಗೆ, ನಡು ಕೆಂಪಾಗಲಿ. ರೊಬಸ್ಟಾಕ್ಕೆ ಆ ಬದಲಾವಣೆ ತಡವಾಗಿ ಬರಲಿ. ಒಂದು ಟೈಲ್, ಇಡೀ ವರ್ಷ. ಈ ತಂತ್ರ ಕೆಲಸ ಮಾಡಬೇಕಾದರೆ ಆ ಎರಡು ಇಂಡೆಕ್ಸನ್ನು ಬೇರೆಲ್ಲೂ ಬಳಸಿರಬಾರದು. ಹೂವಿನ ನಡುವಿನ ಇಂಡೆಕ್ಸನ್ನೇ ಅಂಗಿಯ ತೋಳಿಗೂ ಬಳಸಿದ್ದರೆ ನವೆಂಬರಿನಲ್ಲಿ ತೋಳು ಕೆಂಪಾಗುತ್ತದೆ.

ಏಸ್‌ಪ್ರೈಟ್‌ನಿಂದ (ಪಿಕ್ಸೆಲ್ ಚಿತ್ರ ಬಿಡಿಸುವ ತಂತ್ರಾಂಶ) ಹೊರತೆಗೆಯುವಾಗ ಎಲ್ಲ ಫ್ರೇಮ್ 48×48ರಲ್ಲೇ ಇರಲಿ, ಖಾಲಿ ಜಾಗ ಕತ್ತರಿಸುವ ಆಯ್ಕೆ ಬೇಡ. ಕತ್ತರಿಸಿದರೆ ಪಾದದ ಬಿಂದು ಫ್ರೇಮಿನಿಂದ ಫ್ರೇಮಿಗೆ ಬದಲಾಗಿ ಪಾತ್ರ ನಡುಗುತ್ತದೆ. ಫ್ರೇಮುಗಳ ನಡುವೆ ಎರಡು ಪಿಕ್ಸೆಲ್ ಅಂತರ ಬಿಡಿ, ಇಲ್ಲವಾದರೆ ಪಕ್ಕದ ಫ್ರೇಮಿನ ಅಂಚು ಇಣುಕುತ್ತದೆ. ಪಿಎನ್‌ಜಿಯಲ್ಲೇ ಉಳಿಸಿ. ಪಿಕ್ಸೆಲ್ ಮಸುಕಾಗದಿರಲು ಗೇಮ್ ಕಟ್ಟುವ ತಂತ್ರಾಂಶದಲ್ಲೂ ಹೊಂದಿಸಬೇಕು: ಗೊಡೋದಲ್ಲಿ ಟೆಕ್ಸ್ಚರ್ ಫಿಲ್ಟರ್ ನಿಯರೆಸ್ಟ್, ಯೂನಿಟಿಯಲ್ಲಿ ಫಿಲ್ಟರ್ ಮೋಡ್ ಪಾಯಿಂಟ್, ಕಂಪ್ರೆಶನ್ ನನ್ (None). ಕೊನೆಗೆ, ದೊಡ್ಡದು ಮಾಡಿ ನೋಡಿದ್ದನ್ನೇ ನಂಬಬೇಡಿ. ಗೇಮ್ ಓಡುವ ಗಾತ್ರದಲ್ಲಿ, ಒಂದು ಕೈಯಳತೆ ದೂರದಿಂದ, ಮಳೆ ಮತ್ತು ತೋಟ ಎರಡನ್ನೂ ಹಾಕಿ ನೋಡಿ. ಬಿಳಿ ತೋಳು ಮತ್ತು ಕೆಂಪು ಚೇಲೆ ಅಲ್ಲಿಂದ ಕಾಣದಿದ್ದರೆ ಪಾತ್ರವನ್ನು ಮುಟ್ಟಬೇಡಿ, ಹಿನ್ನೆಲೆಯ ಹಸಿರನ್ನು ಇನ್ನೊಂದು ಮೆಟ್ಟಿಲು ತಿಳಿ ಮಾಡಿ.