ಆಮೆ ಸಿಕ್ಕಿತು, ಅಲೆ ಸಿಗಲಿಲ್ಲ: ಸೆಪ್ಟೆಂಬರಿನಲ್ಲಿ ಕೋಸ್ಟರೀಕಾದ ಕೆರಿಬಿಯನ್ ಕರಾವಳಿ

ಪ್ವೆರ್ಟೊ ವಿಯೆಹೊಗೆ ಬಂದಿಳಿದ ಸಂಜೆ ನನ್ನ ತಮ್ಮ ಬ್ಯಾಗು ಇಡುವ ಮೊದಲೇ ಕಡಲು ನೋಡಲು ಓಡಿದ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತವನು. ಈ ಊರಿಗೇ ಹೋಗಬೇಕು ಎಂದು ಒಂದು ವರ್ಷ ನಮ್ಮ ತಲೆ ತಿಂದವನೂ ಅವನೇ. ಊರಿನ ಎದುರಿಗೇ ಏಳುವ 'ಸಾಲ್ಸಾ ಬ್ರಾವಾ' ಎಂಬ ಅಲೆಯ ವಿಡಿಯೋ ತೋರಿಸಿ ತೋರಿಸಿ ನನಗೂ ಅದರ ಹೆಸರು ಬಾಯಿಪಾಠ ಆಗಿತ್ತು. ಹತ್ತು ನಿಮಿಷ ಬಿಟ್ಟು ನಾನೂ ನಮ್ಮ ಯಜಮಾನರೂ ಹೋಗಿ ನೋಡಿದರೆ ಅವನು ಮರಳಿನ ಮೇಲೆ ಸುಮ್ಮನೆ ಕೂತಿದ್ದ. ಕಡಲು ದೇವಸ್ಥಾನದ ಕೆರೆಯ ಹಾಗೆ ಮಲಗಿತ್ತು.

ಅದು ಸೆಪ್ಟೆಂಬರ್ ಕೊನೆಯ ವಾರ. ಸರ್ಫಿಂಗ್, ಹವಳದ ದಿಬ್ಬದ ಮೇಲೆ ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿಕೊಂಡು ನೀರಿನೊಳಗೆ ನೋಡುತ್ತ ಈಜುವುದು), ಆಮೆ ಮೊಟ್ಟೆ ಇಡುವುದನ್ನು ನೋಡುವುದು, ಮೂರೂ ಈ ತಿಂಗಳಲ್ಲಿ ಸಿಗುತ್ತದೆ ಎಂದು ನಮಗೆ ಫೋನಿನಲ್ಲಿ ಹೇಳಿದವರು ಒಬ್ಬ ಟೂರ್ ಏಜೆಂಟ್. ಇದು ಸುಳ್ಳು. ಈ ಬರಹ ಬರೆಯಲು ಮುಖ್ಯ ಕಾರಣವೇ ಅದು. ಈ ಕರಾವಳಿಯಲ್ಲಿ ಅಲೆಯ ಕಾಲವೇ ಬೇರೆ, ಆಮೆಯ ಕಾಲವೇ ಬೇರೆ. ದೊಡ್ಡ ಅಲೆ ಏಳುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಈಶಾನ್ಯದ ಗಾಳಿ ಜೋರಾಗಿ ಬೀಸುವಾಗ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆ ಗಾಳಿ ಸೋತು ಕಡಲು ಶಾಂತವಾಗುತ್ತದೆ, ನೀರು ತಿಳಿಯಾಗುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಅದೇ ಹೊತ್ತಿಗೆ ದೇಶದ ಆ ಕಡೆ, ಪೆಸಿಫಿಕ್ ಬದಿಯಲ್ಲಿ, ಬಿಟ್ಟೂಬಿಡದೆ ಮಳೆ. ಘಟ್ಟದ ಕೆಳಗೆ ಜಡಿಮಳೆ ಹೊಡೆಯುವಾಗ ಆಚೆ ಬಯಲುಸೀಮೆಯಲ್ಲಿ ಬಿಸಿಲಿರುವುದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ನಡುವೆ ಬೆಟ್ಟದ ಸಾಲಿದೆ. 'ಕೋಸ್ಟರೀಕಾದಲ್ಲಿ ಸೆಪ್ಟೆಂಬರ್ ಮಳೆಗಾಲ' ಎಂದು ಯಾರಾದರೂ ಹೇಳಿದರೆ ಯಾವ ಬದಿಯಲ್ಲಿ ಎಂದು ಕೇಳಿ.

ಬೋರ್ಡು ಬಾಡಿಗೆಗೆ ಕೊಡುವ ಅಂಗಡಿಯವನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ "ನಾಳೆ ಬೆಳಿಗ್ಗೆ ಬರುತ್ತೆ, ನೋಡು" ಎಂದು ಮೂರು ದಿನದ ಬಾಡಿಗೆ 60 ಡಾಲರ್ ಮುಂಗಡ ಕಟ್ಟಿಸಿಕೊಂಡ. ತಮ್ಮ ಎರಡು ದಿನ ಬೆಳಿಗ್ಗೆ ಐದಕ್ಕೆ ಎದ್ದು ಬೋರ್ಡು ಹೊತ್ತುಕೊಂಡು ಹೋಗಿ, ಒಣ ಬೋರ್ಡಿನ ಸಮೇತ ವಾಪಸು ಬಂದ. "ಅಕ್ಕ, ನಾಳೆ ಬರಬಹುದಂತೆ" ಎನ್ನುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಹಣ ವಾಪಸು ಕೇಳಿದರೆ ಕೊಡಲಿಲ್ಲ. ಅಲೆಯ ಮುನ್ಸೂಚನೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ನೋಡಿಕೊಳ್ಳಿ, ಒಂದು ದಿನಕ್ಕಿಂತ ಹೆಚ್ಚಿನ ಬಾಡಿಗೆ ಒಟ್ಟಿಗೆ ಕೊಡಬೇಡಿ.

ಅಲೆಯ ಕಾಲದಲ್ಲಿ ಹೋಗುವವರಿಗೂ ಒಂದು ಮಾತು. ಸಾಲ್ಸಾ ಬ್ರಾವಾ ಕಲಿಯುವವರ ಅಲೆಯಲ್ಲ. ಅದು ಒಡೆಯುವುದು ಹರಿತವಾದ ಹವಳದ ಬಂಡೆಯ ಮೇಲೆ, ಕೆಳಗೆ ನೀರಿನ ಆಳವೂ ಕಡಿಮೆ. ಅಲ್ಲಿನ ಹುಡುಗರ ಬೆನ್ನು, ಮೊಣಕಾಲಿನ ಗಾಯದ ಗುರುತು ನೋಡಿದರೆ ಗೊತ್ತಾಗುತ್ತದೆ. ಕಲಿಯುವವರು ಎರಡು ಕಿಲೋಮೀಟರ್ ಆಚೆಯ ಪ್ಲಾಯಾ ಕೊಕ್ಲೆಸ್‌ಗೆ ಹೋಗಲಿ. ಅಲ್ಲಿ ತಳದಲ್ಲಿ ಮರಳಿದೆ, ಕಾಯುವ ಲೈಫ್‌ಗಾರ್ಡುಗಳೂ ಇರುತ್ತಾರೆ. ಆದರೆ ಒಳಸೆಳೆತ ಜೋರು. ಕೆಂಪು ಬಾವುಟ ಇದ್ದರೆ ಮೊಣಕಾಲು ಮಟ್ಟ ಕೂಡ ಬೇಡ.

ರೂಮಿನ ವಿಷಯ. ರಾತ್ರಿಗೆ 65 ಡಾಲರ್, ಎ.ಸಿ. ಉಂಟು ಎಂದು ನೋಡಿ ನಾಲ್ಕು ರಾತ್ರಿಗೆ ಬುಕ್ ಮಾಡಿದ್ದೆವು, 260 ಆಗಬೇಕಿತ್ತು. ಹೋದ ಮೇಲೆ ಎ.ಸಿ. ರಿಮೋಟು ಬೇಕಾದರೆ ದಿನಕ್ಕೆ 10 ಡಾಲರ್ ಬೇರೆ ಎಂದರು. ಒಟ್ಟು 300 ಆಯಿತು. ಹೊರಡುವ ದಿನ ಅದರ ಮೇಲೆ 13% ತೆರಿಗೆ ಹಾಕಿ 339 ಡಾಲರಿನ ಬಿಲ್ಲು ಕೈಗಿಟ್ಟರು. ತೆರಿಗೆ ಕಾನೂನಿನ ಪ್ರಕಾರವೇ ಇದೆ, ಅದಕ್ಕೆ ಜಗಳವಿಲ್ಲ. ತೋರಿಸಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಎ.ಸಿ. ಬಗ್ಗೆಯೂ ಹಾಗೆಯೇ. ಕರಾವಳಿಯಲ್ಲಿ ಹುಟ್ಟಿದ ನನಗೆ ಆ ಸೆಕೆ, ಬೆವರು ಒಂದು ಲೆಕ್ಕವೇ ಅಲ್ಲ, ಫ್ಯಾನು ಸಾಕಿತ್ತು. ತಡೆಯಲಾಗದೇ ಹೋದದ್ದು ಸದ್ದು. ಪಕ್ಕದ ಬಾರಿನ ಸಂಗೀತ ರಾತ್ರಿ ಎರಡರವರೆಗೆ ಗೋಡೆ ನಡುಗಿಸುತ್ತಿತ್ತು. ಹರೆಯದವರಿಗೆ ಅದೇ ಬೇಕಾಗಿರಬಹುದು. ಮಕ್ಕಳು, ವಯಸ್ಸಾದವರ ಜೊತೆ ಹೋಗುವವರು ಪ್ವೆರ್ಟೊ ವಿಯೆಹೊ ಪೇಟೆಯೊಳಗೆ ಉಳಿಯಬೇಡಿ. ಅಲ್ಲಿಂದ ಸುಮಾರು 16 ಕಿಲೋಮೀಟರ್ ಉತ್ತರಕ್ಕೆ ಕವೀಟಾ ಎಂಬ ಸಣ್ಣ ಊರಿದೆ. ನನ್ನನ್ನು ಕೇಳಿದರೆ ಎಲ್ಲ ರಾತ್ರಿಗಳನ್ನೂ ಅಲ್ಲೇ ಕಳೆಯಿರಿ.

ಪ್ವೆರ್ಟೊ ವಿಯೆಹೊದಲ್ಲಿ ಖುಷಿ ಕೊಟ್ಟದ್ದು ಸೈಕಲ್. ಅಲ್ಲಿಂದ ಮಾನ್ಸಾನಿಯೊವರೆಗೆ ಸುಮಾರು 13 ಕಿಲೋಮೀಟರ್ ರಸ್ತೆ ಮಟ್ಟಸವಾಗಿದೆ, ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಮರಗಳ ಸಂದಿಯಲ್ಲಿ ಕಡಲು. ಬಾಡಿಗೆಗೆ ಸಿಗುವ ಸೈಕಲ್ಲಿಗೆ ಹಿಡಿಕೆಯಲ್ಲಿ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಹೊರಡುವ ಮೊದಲು ಅಂಗಡಿಯ ಮುಂದೆಯೇ ಎರಡು ಸುತ್ತು ಹೊಡೆದು ಅಭ್ಯಾಸ ಮಾಡಿ. ಈಜಲು ಆ ದಾರಿಯಲ್ಲೇ ಸಿಗುವ ಪುಂಟಾ ಊವಾ ದಂಡೆಯಷ್ಟು ಒಳ್ಳೆಯ ಜಾಗ ನಾವು ಬೇರೆ ಕಾಣಲಿಲ್ಲ.

ಈಗ ಊಟ. ಕವೀಟಾದಲ್ಲಿ ಒಂದು 'ಸೋಡಾ'. ಸಣ್ಣ ಊಟದ ಹೋಟೆಲಿಗೆ ಅಲ್ಲಿ ಹೇಳುವುದೇ ಸೋಡಾ ಎಂದು. ತಗಡಿನ ಮಾಡು, ನಾಲ್ಕು ಮೇಜು, ಒಲೆಯ ಮುಂದೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಂದದ್ದು ತೆಂಗಿನ ಹಾಲು ಕುದಿಯುವ ಪರಿಮಳ. ನನ್ನ ಕಾಲು ಅಲ್ಲೇ ನಿಂತಿತು. ಅಜ್ಜಿ ಸ್ಪ್ಯಾನಿಷ್ ಬಿಟ್ಟು ಜಮೈಕಾದ ಧಾಟಿಯ ಇಂಗ್ಲಿಷಿನಲ್ಲಿ "ವಾಪಿನ್?" ಎಂದು ಮಾತಾಡಿಸಿದರು, 'ಏನ್ ಸಮಾಚಾರ' ಅಂದ ಹಾಗೆ. ಅವರ ಹಿರಿಯರು ಬಂದದ್ದು ಜಮೈಕಾದಿಂದ. 1870ರ ದಶಕದಲ್ಲಿ ರಾಜಧಾನಿ ಸ್ಯಾನ್ ಹೋಸೆಯಿಂದ ಲಿಮೋನ್ ಬಂದರಿಗೆ ರೈಲು ಹಾಕಲು ಶುರು ಮಾಡಿದಾಗ ಕೂಲಿಗೆ ಬಂದವರು, ಆಮೇಲೆ ಬಾಳೆತೋಟಗಳಲ್ಲಿ ಉಳಿದವರು. ಆ ರೈಲು ಮುಗಿದದ್ದು 1890ರಲ್ಲಿ. ಅನ್ನ ಬೀನ್ಸ್ ಕಲಸಿದ್ದಕ್ಕೆ ದೇಶದ ಉಳಿದೆಡೆ ಗಾಯೊ ಪಿಂಟೊ ಎನ್ನುತ್ತಾರೆ. ಇಲ್ಲಿ ಮಾತ್ರ ಅದು 'ರೈಸ್ ಅಂಡ್ ಬೀನ್ಸ್', ರುಚಿಯೂ ಪೂರ್ತಿ ಬೇರೆ.

ಅಜ್ಜಿ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಕೆಂಪು ಬೀನ್ಸ್ ಬೇಯಿಸಿ, ಅದರ ನೀರಿಗೇ ಆಗಷ್ಟೇ ತುರಿದು ಹಿಂಡಿದ ತೆಂಗಿನ ಹಾಲು, ಬೆಳ್ಳುಳ್ಳಿ, ಥೈಮ್ ಸೊಪ್ಪಿನ ಕಡ್ಡಿ ಹಾಕಿ, ಅಕ್ಕಿ ಬಿಟ್ಟು, ಮೇಲೆ ಒಂದೇ ಒಂದು ಇಡೀ ಮೆಣಸಿನಕಾಯಿ ತೇಲಿಸುತ್ತಾರೆ. ದಪ್ಪನೆಯ, ದೊಣ್ಣೆಮೆಣಸಿನ ಮರಿಯ ಹಾಗಿರುವ ಕಾಯಿ. ಅದು ಒಡೆಯಬಾರದು. ಒಡೆದರೆ ಖಾರಕ್ಕೆ ಪಾತ್ರೆಯೇ ದಂಡ. ಒಡೆಯದಿದ್ದರೆ ಪರಿಮಳ ಮಾತ್ರ ಅನ್ನಕ್ಕೆ ಇಳಿಯುತ್ತದೆ. ಅನ್ನ ಇಳಿಸಿದ ಮೇಲೆ ಅಜ್ಜಿ ಅದನ್ನು ತೊಟ್ಟು ಹಿಡಿದು ಮೆಲ್ಲಗೆ ಎತ್ತಿ ಬದಿಗಿಟ್ಟರು, ಮೊಟ್ಟೆ ಎತ್ತಿದ ಹಾಗೆ.

ಬದಿಗೆ ಕುಟ್ಟಿ ಕರಿದ ಬಾಳೆಕಾಯಿ, ಯಜಮಾನರಿಗೆ ಕೋಳಿ, ನನಗೆ ಮೀನು. ಭಾನುವಾರ 'ರೊಂಡೊನ್' ಇತ್ತು: ತೆಂಗಿನ ಹಾಲಿನಲ್ಲಿ ಮೀನು, ಮರಗೆಣಸು, ಬಾಳೆಕಾಯಿ, ಮತ್ತೆ ಜೀಗುಜ್ಜೆ! ಊರು ಬಿಟ್ಟು ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು, ತಾಜಾ ಜೀಗುಜ್ಜೆ ಬಾಯಿಗೆ ಬಿದ್ದಿರಲಿಲ್ಲ. ಕುಡಿಯಲು 'ಆಗ್ವಾ ದೆ ಸಾಪೊ' ಎಂದು ಕೊಟ್ಟರು. ಹೆಸರಿನ ಅರ್ಥ ಕಪ್ಪೆಯ ನೀರು ಎಂದು ತಮ್ಮ ಹೇಳಿದಾಗ ಲೋಟ ಕೆಳಗಿಟ್ಟಿದ್ದೆ. ಕುಡಿದರೆ ಬೆಲ್ಲ, ಶುಂಠಿ, ನಿಂಬೆಹಣ್ಣು. ರಾಮನವಮಿಯ ಪಾನಕ, ಏಲಕ್ಕಿ ಒಂದು ಇಲ್ಲ. ಮೂರು ಜನರ ಊಟ ಪಾನಕ ಎಲ್ಲ ಸೇರಿ 14,000 ಕೊಲೋನ್ ಆಯಿತು, ಆಗಿನ ದರದಲ್ಲಿ 28 ಡಾಲರ್. ಪ್ವೆರ್ಟೊ ವಿಯೆಹೊದಲ್ಲಿ ಎರಡು ಪಿಜ್ಜಾಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೆವು. ಸಸ್ಯಾಹಾರಿಗಳು ಬೀನ್ಸಿನ ಪಾತ್ರೆಗೆ ಮಾಂಸ ಹಾಕಿದ್ದೀರಾ ಎಂದು ಕೇಳಿಯೇ ತಿನ್ನಿ. ಮಧ್ಯಾಹ್ನ ಹನ್ನೆರಡಕ್ಕೇ ಹೋಗಿ, ಒಂದೂವರೆಗೆ ಪಾತ್ರೆ ಖಾಲಿ. ನಾವು ಮೂರು ದಿನವೂ ಅಲ್ಲೇ ಉಂಡೆವು.

ಕವೀಟಾ ರಾಷ್ಟ್ರೀಯ ಉದ್ಯಾನಕ್ಕೆ ಊರಿನ ಕಡೆಯ ಬಾಗಿಲಲ್ಲಿ ನಿಗದಿತ ಟಿಕೆಟ್ ಇಲ್ಲ, ಕೈಲಾದಷ್ಟು ಕಾಣಿಕೆ ಹಾಕಬೇಕು. 1994ರಲ್ಲಿ ಸರ್ಕಾರ ವಿದೇಶಿಯರ ಪ್ರವೇಶದರ ಒಮ್ಮೆಲೇ ಏರಿಸಿದಾಗ ಊರಿನವರು ಎದ್ದು ನಿಂತು ಆ ಬಾಗಿಲನ್ನು ತಾವೇ ವಹಿಸಿಕೊಂಡರು. ಈಗ ಊರು, ಸರ್ಕಾರ ಸೇರಿ ನೋಡಿಕೊಳ್ಳುತ್ತವೆ. ಪುಕ್ಕಟೆ ಎಂದು ನುಸುಳಬೇಡಿ, ಧಾರಾಳವಾಗಿ ಹಾಕಿ. ಬಾಗಿಲಲ್ಲಿ ನಿಂತ ಗೈಡ್ 'ನಾನಿಲ್ಲದಿದ್ದರೆ ಏನೂ ಕಾಣುವುದಿಲ್ಲ' ಎಂದ. ನಾವು ಗೈಡ್ ಇಲ್ಲದೆ ಎಂಟು ಕಿಲೋಮೀಟರಿನ ದಾರಿ ನಡೆದು ಸ್ಲಾತ್ (ಮರದ ಕೊಂಬೆಗೆ ನೇತಾಡುವ ನಿಧಾನಿ ಪ್ರಾಣಿ) ನಾಲ್ಕು ಕಂಡೆವು. ಉಪಾಯ ಇಷ್ಟೇ: ಮೇಲೆ ನೋಡುತ್ತ ನಿಂತ ಜನ ಎಲ್ಲಿದ್ದಾರೋ ಅಲ್ಲಿ ನಿಲ್ಲಿ. ಹಳದಿ ಬಣ್ಣದ ಸಣ್ಣ ಹಾವೊಂದು ದಾರಿಯ ಪಕ್ಕದ ಕೊಂಬೆಗೆ ಸುತ್ತಿಕೊಂಡಿತ್ತು, ರೆಪ್ಪೆಯ ಮೇಲೆ ಕೂದಲು ಬಂದಂತೆ ಹುರುಪೆ. ವಿಷದ ಹಾವು ಅದು. ನಡೆಯುವಾಗ ಆಸರೆಗೆಂದು ಕೊಂಬೆ ಹಿಡಿಯಬೇಡಿ. ಬಿಳಿ ಮುಖದ ಕೋತಿಗಳು ನಮ್ಮೂರ ಕೋತಿಗಳಿಗಿಂತ ಸಣ್ಣವು, ಕೈಚಳಕ ಮಾತ್ರ ಹೆಚ್ಚು. ಒಂದು ಕೋತಿ ನಮ್ಮ ಪಕ್ಕದವರ ಚೀಲದ ಜಿಪ್ಪು ಎಳೆದು ಬಿಸ್ಕತ್ತು ಒಯ್ದಿತು.

ಹವಳ ನೋಡಲು ಮಾತ್ರ ಪರವಾನಗಿ ಇರುವ ಗೈಡ್ ಕಡ್ಡಾಯ. ಈ ತಿಂಗಳ ತಿಳಿ ನೀರಿನ ನಿಜವಾದ ಲಾಭ ಅಲ್ಲೇ ಸಿಕ್ಕಿದ್ದು. ಹವಳ ಮೊದಲಿನಷ್ಟಿಲ್ಲ ಎಂದು ದೋಣಿಯವರೇ ಹೇಳಿದರು. 1991ರ ಏಪ್ರಿಲ್ 22ರ ಭೂಕಂಪದಲ್ಲಿ ಲಿಮೋನ್ ಕಡೆ ಕರಾವಳಿಯೇ ಮೇಲೆದ್ದು ಎಷ್ಟೋ ಹವಳ ನೀರಿನ ಹೊರಗೆ ಸತ್ತುಹೋಯಿತು.

ಆಮೆಗೆ ಹೋದದ್ದು ಇದಕ್ಕೂ ಮೊದಲು, ಟೋರ್ಟುಗೇರೊಗೆ. ರಸ್ತೆ ಇಲ್ಲದ ಊರು, ದೋಣಿಯಲ್ಲಿ ಹೋದೆವು. ಹಸಿರು ಕಡಲಾಮೆ ಅಲ್ಲಿ ಮೊಟ್ಟೆ ಇಡುವುದು ಮುಖ್ಯವಾಗಿ ಜುಲೈನಿಂದ ಅಕ್ಟೋಬರ್. ಕತ್ತಲಾದ ಮೇಲೆ ಗೈಡ್ ಇಲ್ಲದೆ ಆ ದಂಡೆಗೆ ಬಿಡುವುದಿಲ್ಲ. ಗಾಢ ಬಣ್ಣದ ಬಟ್ಟೆ ಹಾಕಿ, ಫೋನು, ಕ್ಯಾಮೆರಾ ರೂಮಿನಲ್ಲೇ ಬಿಡಿ. ಸುಮಾರು ಒಂದು ಗಂಟೆ ಮರಗಳ ಕೆಳಗೆ ಸೊಳ್ಳೆ ಕಚ್ಚಿಸಿಕೊಂಡು ಕಾದೆವು. ಆಮೇಲೆ ಕರೆದರು. ಒಂದು ಮೀಟರ್ ಉದ್ದದ ಆಮೆ ಹಿಂಗಾಲಿನಿಂದ ಗುಂಡಿ ತೋಡುತ್ತಿತ್ತು. ರೆಕ್ಕೆಯಂಥ ಆ ಕಾಲನ್ನು ಅಂಗೈ ಬೊಗಸೆಯ ಹಾಗೆ ಮಡಿಸಿ, ಮರಳು ತುಂಬಿ, ಚೆಲ್ಲದ ಹಾಗೆ ಎತ್ತಿ ಬದಿಗೆ ಸುರಿಯುವುದು. ಆಮೇಲೆ ಇನ್ನೊಂದು ಕಾಲು. ಕಣ್ಣಿಗೆ ಕಾಣದ ಗುಂಡಿಯನ್ನು ಅಷ್ಟು ನೇರವಾಗಿ ತೋಡುತ್ತದೆ. ಗೈಡ್ ಹಿಂದಿನಿಂದ ಕೆಂಪು ದೀಪ ಹಿಡಿದಾಗ ಎರಡೆರಡಾಗಿ ಮೊಟ್ಟೆ ಬೀಳುವುದು ಕಂಡಿತು, ಒದ್ದೆ ಹೊಳಪಿನವು. ಒಂದು ಸಲಕ್ಕೆ ನೂರರ ಆಸುಪಾಸು ಇಡುತ್ತದಂತೆ. ನನ್ನ ಪಕ್ಕ ತಮ್ಮ ಉಸಿರು ಬಿಗಿಹಿಡಿದು ಮೊಣಕಾಲೂರಿ ಕೂತಿದ್ದ.

ಕೊನೆಗೆ ಬಸ್ಸು. ಕವೀಟಾದಿಂದ ಸ್ಯಾನ್ ಹೋಸೆಗೆ ನಾಲ್ಕು ಗಂಟೆಯ ದಾರಿ. ನಾವು ಹೊರಟದ್ದು ಭಾನುವಾರ ಊಟ ಮುಗಿಸಿ. ಬಸ್ಸು ದಕ್ಷಿಣದಿಂದಲೇ ತುಂಬಿ ಬರುತ್ತದೆ. ಹಿಂದಿನ ದಿನವೇ ಟಿಕೆಟ್ ತಗೊಳ್ಳದೆ ಹೋದದ್ದಕ್ಕೆ ಲಿಮೋನ್ ದಾಟುವವರೆಗೂ ನಿಂತೆವು, ಶೌಚಾಲಯವೂ ಇಲ್ಲ. ಚೀಲ ಕೆಳಗಿನ ಡಿಕ್ಕಿಗೆ ಹಾಕಿದರೆ ಪಾಸ್‌ಪೋರ್ಟು, ಹಣ ಕೈಚೀಲದಲ್ಲೇ ಇರಲಿ, ಆ ಕೈಚೀಲ ಮಡಿಲಲ್ಲಿರಲಿ. ಬ್ರೌಲಿಯೊ ಕರಿಯೊ ಕಾಡಿನ ಘಾಟಿ ಹತ್ತುವ 32ನೇ ನಂಬರಿನ ಹೆದ್ದಾರಿಯಲ್ಲಿ ಗುಡ್ಡ ಕುಸಿದಿತ್ತು. ಇದು ಅಲ್ಲಿ ಮತ್ತೆ ಮತ್ತೆ ಆಗುವ ಸಂಗತಿ. ನಮ್ಮ ಶಿರಾಡಿ ಘಾಟಿಯ ಮಳೆಗಾಲ ಕಂಡವರಿಗೆ ಹೊಸತಲ್ಲ. ದಂಡೆಯಲ್ಲಿ ಬಿಸಿಲಿದ್ದರೂ ಘಾಟಿಯಲ್ಲಿ ಮಳೆ ಸುರಿಯುತ್ತಿರುತ್ತದೆ. ನಾಲ್ಕು ಗಂಟೆಯದು ಎಂಟೂವರೆ ಗಂಟೆಯಾಯಿತು. ನಾವು ಸ್ಯಾನ್ ಹೋಸೆ ತಲುಪಿದಾಗ ರಾತ್ರಿ ಹತ್ತೂವರೆ, ವಿಮಾನ ಮರುದಿನ ಮಧ್ಯಾಹ್ನಕ್ಕಿತ್ತು. ನಮ್ಮ ಮುಂದಿನ ಸೀಟಿನ ಗಂಡ ಹೆಂಡತಿಯ ವಿಮಾನ ಒಂಬತ್ತಕ್ಕೇ ಹೋಗಿತ್ತು.